ಮೆಡಿಕಲ್ ಕಾಲೇಜಿನ ಎಐ ಪಾಠಕ್ಕೆ ಸರಕಾರದ ದುಡ್ಡು: ಯಾವುದಕ್ಕೆ ಕೇಳಬೇಕು?

ಎಐ ಕಲಿಸಲು ಅನುದಾನ ಕೇಳುವ ಪ್ರಸ್ತಾವನೆಗಳಲ್ಲಿ ಮೊದಲ ಸಾಲಿಗೇ ದುಬಾರಿ ಜಿಪಿಯು (ಎಐಗೆ ಬೇಕಾದ ಭಾರೀ ಲೆಕ್ಕ ಮಾಡುವ ಚಿಪ್) ವರ್ಕ್‌ಸ್ಟೇಷನ್ ಬಂದು ಕೂರುತ್ತದೆ. ಅದಕ್ಕೆ ಕೊಟೇಶನ್ ಬೇಗ ಸಿಗುತ್ತದೆ, ಮಾರ್ಚ್ ಮುಗಿಯುವುದರೊಳಗೆ ಬಿಲ್ಲೂ ಆಗುತ್ತದೆ. ಎಂಬಿಬಿಎಸ್ ಮಕ್ಕಳಿಗೆ ಕಲಿಸಲು ಮಾತ್ರ ಅದರ ಅಗತ್ಯವೇ ಇಲ್ಲ. ಹುಬ್ಬಳ್ಳಿ, ಗದಗ, ಹಾವೇರಿಯ ಸರಕಾರಿ ಕಾಲೇಜುಗಳು ದುಡ್ಡಿನ ದೊಡ್ಡ ಪಾಲನ್ನು ಕಲಿಸುವವರ ವೇಳೆಗೆ ಮತ್ತು ಇಲ್ಲಿನ ಎಕ್ಸ್‌ರೇಗಳನ್ನು ಪಾಠಕ್ಕೆ ಸಿದ್ಧಪಡಿಸುವ ಕೆಲಸಕ್ಕೆ ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕ್ಷಯರೋಗವನ್ನೇ ತೆಗೆದುಕೊಳ್ಳಿ. ಅಮೆರಿಕದ ಮಾಂಟ್‌ಗೊಮರಿ ಕೌಂಟಿಯ 138, ಚೀನಾದ ಶೆನ್‌ಝೆನ್‌ನ 662 ಎದೆ ಎಕ್ಸ್‌ರೇಗಳು ಪುಕ್ಕಟೆ ಸಿಗುತ್ತವೆ. ಅವನ್ನು 224×224 ಪಿಕ್ಸೆಲ್‌ಗೆ ಇಳಿಸಿ, ಚಿತ್ರ ಗುರುತಿಸಲು ಮೊದಲೇ ತರಬೇತಾದ ರೆಸ್‌ನೆಟ್-18 ಎಂಬ ಎಐ ಮಾದರಿಯ ಕೊನೆಯ ಪದರಕ್ಕಷ್ಟೇ ಹೊಸದಾಗಿ ಕಲಿಸುವುದಾದರೆ, ಇಂಟರ್ನೆಟ್ ಮೂಲಕ ಗೂಗಲ್‌ನ ಕಂಪ್ಯೂಟರ್ ಬಳಸಲು ಬಿಡುವ ಗೂಗಲ್ ಕೊಲ್ಯಾಬ್‌ನ ಉಚಿತ ಸೌಲಭ್ಯವೇ ಸಾಕು. ಹೆಚ್ಚು ಬೇಕೆಂದರೆ, 2024ರ ಮಾರ್ಚ್‌ನಲ್ಲಿ 10,371.92 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ಕೇಂದ್ರ ಸರಕಾರದ ಇಂಡಿಯಾಎಐ ಮಿಷನ್ ರಿಯಾಯಿತಿ ದರದಲ್ಲಿ, ಗಂಟೆ ಲೆಕ್ಕದಲ್ಲಿ ಜಿಪಿಯು ಒದಗಿಸುತ್ತದೆ. ಸ್ವಂತ ಯಂತ್ರ ಕೊಂಡರೆ ಯುಪಿಎಸ್, ಎಸಿ, ವಾರ್ಷಿಕ ನಿರ್ವಹಣೆ ಬೆನ್ನು ಹತ್ತುತ್ತವೆ. ಯಂತ್ರ ನಾನ್-ರೆಕರಿಂಗ್ (ಒಂದೇ ಸಲದ ಖರ್ಚಿನ) ಹೆಡ್ಡಿನಲ್ಲಿ ಬಂದಿರುತ್ತದೆ, ಈ ಖರ್ಚುಗಳೆಲ್ಲ ರೆಕರಿಂಗ್, ಅಂದರೆ ಮತ್ತೆ ಮತ್ತೆ ಬರುವಂಥವು. ಮಂಜೂರಾತಿ ಇಲ್ಲದೆ ಒಂದರ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸಲಾಗದು, ಹೀಗಾಗಿ ಯಂತ್ರ ಮುಸುಕು ಹೊದ್ದು ನಿಲ್ಲುತ್ತದೆ.

ಮೊದಲ ಪಾಠಕ್ಕಂತೂ ಕಂಪ್ಯೂಟರೇ ಬೇಡ. 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ಓದಲು ಸಾಫ್ಟ್‌ವೇರ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಶಿಫಾರಸು ಮಾಡಿದೆ. ಇಂದಿನ ವಿದ್ಯಾರ್ಥಿ ನಾಳೆ ರೋಣದ ಕಡೆಯ ಹಳ್ಳಿಯ ಕ್ಯಾಂಪಿನಲ್ಲಿ ಅದರ ವರದಿ ಹಿಡಿದು ನಿಲ್ಲುವವನು. ಸಾಫ್ಟ್‌ವೇರಿನ ಸೆನ್ಸಿಟಿವಿಟಿ (ರೋಗವಿದ್ದವರನ್ನು ಹಿಡಿಯುವ ಪ್ರಮಾಣ), ಸ್ಪೆಸಿಫಿಸಿಟಿ (ರೋಗವಿಲ್ಲದವರನ್ನು ಸರಿಯಾಗಿ ಬಿಡುವ ಪ್ರಮಾಣ) ಎರಡೂ ಶೇ. 90 ಎಂದಿಟ್ಟುಕೊಳ್ಳಿ. ಕ್ಯಾಂಪಿಗೆ ಬಂದ 1,000 ಜನರಲ್ಲಿ 10 ಮಂದಿಗೆ ಕ್ಷಯವಿದ್ದರೆ 9 ಮಂದಿ ಸಿಗುತ್ತಾರೆ, ರೋಗವಿಲ್ಲದ 99 ಮಂದಿಯ ಮೇಲೂ ಕ್ಷಯವೆಂಬ ಗುರುತು ಬೀಳುತ್ತದೆ. ಅಂದರೆ ಗುರುತು ಬಿದ್ದ 108 ಜನರಲ್ಲಿ ನಿಜವಾದ ರೋಗಿಗಳು ಶೇ. 8ರಷ್ಟೇ. ಅದೇ ಸಾಫ್ಟ್‌ವೇರನ್ನು 1,000ಕ್ಕೆ 200 ರೋಗಿಗಳಿರುವ ಎದೆರೋಗದ ಓಪಿಡಿಗೆ ತನ್ನಿ: 260 ಗುರುತುಗಳಲ್ಲಿ 180 ನಿಜ, ಶೇ. 69. ಈ ಲೆಕ್ಕವನ್ನು ಪ್ರತಿಯೊಬ್ಬರೂ ಕೈಯಿಂದ ಮಾಡಬೇಕು. ಇದಕ್ಕೆ ಬೇಕಾದವರು ಸಮುದಾಯ ವೈದ್ಯಶಾಸ್ತ್ರ ವಿಭಾಗದ ಒಬ್ಬ ಶಿಕ್ಷಕರು ಮತ್ತು ಅವರಿಗೆ ಟೈಮ್‌ಟೇಬಲ್‌ನಲ್ಲಿ ಬಿಡುವು.

ಎರಡನೆಯ ಪಾಠ, ಎಐ ಮಾದರಿಗೆ ಶೆನ್‌ಝೆನ್ ಚಿತ್ರಗಳ ಮೇಲೆ ಕಲಿಸಿ ಮಾಂಟ್‌ಗೊಮರಿ ಚಿತ್ರಗಳ ಮೇಲೆ ಪರೀಕ್ಷಿಸುವುದು. ಹೀಗೆ ಊರು ಬದಲಾದಾಗ ಅಂಕ ಸಾಮಾನ್ಯವಾಗಿ ಇಳಿಯುತ್ತದೆ, ಏಕೆಂದರೆ ಮಾದರಿ ಶ್ವಾಸಕೋಶದ ಜೊತೆಗೆ ಎಕ್ಸ್‌ರೇ ಯಂತ್ರದ ಛಾಯೆಯನ್ನೂ ಚಿತ್ರದ ಮೂಲೆಯ ಅಕ್ಷರವನ್ನೂ ಕಲಿತಿರುತ್ತದೆ. ನಮ್ಮ ಆಸ್ಪತ್ರೆಯ ಎಕ್ಸ್‌ರೇಗಳ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದಲೇ ಏಳುತ್ತದೆ. ಅನುದಾನ ನಿಜವಾಗಿ ಬೇಕಾಗುವುದು ಅದಕ್ಕೆ ಉತ್ತರ ಹುಡುಕಲು.

300 ಎಕ್ಸ್‌ರೇ ಸಾಕು. ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಎಐಗೆಂದೇ ಮಾರ್ಗಸೂಚಿ ತಂದಿದೆ, ಅದನ್ನು ಮುಂದಿಟ್ಟುಕೊಂಡೇ ಅರ್ಜಿ ಬರೆಯಿರಿ. ಆಮೇಲೆ ಪ್ರತಿ ರೋಗಿಗೊಂದು ಕೋಡ್ ಕೊಟ್ಟು, ಕೋಡ್ ಪಟ್ಟಿಯನ್ನು ಒಬ್ಬರ ವಶದಲ್ಲಿ ಬೇರೆಯಾಗಿ ಇಡಬೇಕು. ಅದಾದ ಮೇಲಷ್ಟೇ ಡೈಕಾಮ್ (ಎಕ್ಸ್‌ರೇ ಫೈಲಿನ ನಮೂನೆ) ಹೆಡರ್‌ನಿಂದ, ಅಂದರೆ ರೋಗಿಯ ವಿವರವಿರುವ ಭಾಗದಿಂದ, ಹೆಸರು, ಆಸ್ಪತ್ರೆ ನಂಬರು, ಹುಟ್ಟಿದ ದಿನ ಅಳಿಸುವುದು. ಈ ಕ್ರಮ ತಪ್ಪಿದರೆ ಯಾವುದು ಯಾರದ್ದೆಂದು ತಿಳಿಯದೆ ಒಬ್ಬನೇ ರೋಗಿಯ ಎರಡು ಎಕ್ಸ್‌ರೇಗಳಲ್ಲಿ ಒಂದು ಕಲಿಕೆಗೆ, ಇನ್ನೊಂದು ಪರೀಕ್ಷೆಗೆ ಹೋಗಿ ಸುಳ್ಳು ಅಂಕ ಏರುತ್ತದೆ. ಹೆಡರ್ ಅಳಿಸಿದರೂ ಫೈಲಿನ ಹೆಸರಿನಲ್ಲಿ ನಂಬರು, ಚಿತ್ರದ ಮೇಲೇ ಅಚ್ಚಾದ ಹೆಸರು ಉಳಿದಿರುತ್ತವೆ. ಒಂದೊಂದನ್ನೂ ಕಣ್ಣಿಂದ ನೋಡದೆ ಬಿಡಬೇಡಿ.

ಪ್ರತಿ ಎಕ್ಸ್‌ರೇ ಇಬ್ಬರು ಓದಬೇಕು, ಒಮ್ಮತವಾಗದಿದ್ದರೆ ಮೂರನೆಯವರು. ತಲಾ 3 ನಿಮಿಷವೆಂದರೂ ಮೊದಲಿಬ್ಬರಿಗೇ 30 ಗಂಟೆ. ಸಾಧ್ಯವಿರುವ ಕಡೆ ಕಫದಲ್ಲಿ ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಯ ಫಲಿತಾಂಶವನ್ನೂ ಜೋಡಿಸಿ. ಹಳೆಯ ಕ್ಷಯದ ಕಲೆಯನ್ನು ಸಾಫ್ಟ್‌ವೇರ್ ಹೊಸ ರೋಗವೆಂದು ಹೇಳುವುದು ಆಗಲೇ ಬಯಲಾಗುವುದು. ಓದುವವರ ಗೌರವಧನ, ಒಬ್ಬ ಗುತ್ತಿಗೆ ಡೇಟಾ ಸಹಾಯಕರ ಸಂಬಳ, ಧಾರವಾಡದ ಐಐಟಿ ಅಥವಾ ಐಐಐಟಿಯಿಂದ ಒಬ್ಬ ಸಹ-ಸಂಶೋಧಕರು: ಇವಿಷ್ಟು ಬಜೆಟ್ಟಿನಲ್ಲಿ ಮೊದಲು ಬರಲಿ.

ಭಾಷೆಗೂ ಸ್ವಲ್ಪ ದುಡ್ಡು ಇಡಿ. ‘ದಮ್ಮು ಹತ್ತೈತ್ರಿ’, ‘ಹೊಟ್ಟಿ ಕಡೀತೈತಿ’ ಎನ್ನುವ ಮಾತನ್ನು ಧ್ವನಿ-ಬರಹ ಸಾಫ್ಟ್‌ವೇರ್ ಹೇಗೆ ಬರೆದುಕೊಳ್ಳುತ್ತದೆಂದು ವಿದ್ಯಾರ್ಥಿಗಳೇ ರೋಗಿಯ ಪಾತ್ರ ಮಾಡಿ ಪರೀಕ್ಷಿಸಲಿ. ವಿದ್ಯಾರ್ಥಿಗಳೇ ವಿಷಯ ಆರಿಸಿಕೊಳ್ಳುವ ಎಲೆಕ್ಟಿವ್ ಅವಧಿಗೆ ಹೇಳಿ ಮಾಡಿಸಿದ ಕೆಲಸ.

ಕೇಂದ್ರದ ಅನುದಾನವಾದರೆ ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮ) 12-ಎ ನಮೂನೆಯ ಯುಟಿಲೈಸೇಶನ್ ಸರ್ಟಿಫಿಕೇಟ್, ಅಂದರೆ ದುಡ್ಡು ಬಳಸಿದ ಪ್ರಮಾಣಪತ್ರ ಕೊಡಬೇಕು, ಇಟ್ಟ ದುಡ್ಡಿಗೆ ಬಂದ ಬಡ್ಡಿಯನ್ನೂ ಮರಳಿಸಬೇಕು. ನೇಮಕಾತಿ ತಡವಾದರೆ ಸಂಬಳದ ಹೆಡ್ಡು ಹಾಗೇ ಉಳಿದು ಮುಂದಿನ ಕಂತು ನಿಲ್ಲಬಹುದು. ಅದಕ್ಕೇ ಡೇಟಾ ಸಹಾಯಕರ ಹುದ್ದೆಯ ಅರ್ಹತೆ, ಆಯ್ಕೆ ಸಮಿತಿ, ಎಥಿಕ್ಸ್ ಅರ್ಜಿ ಮೂರನ್ನೂ ಮಂಜೂರಾತಿ ಪತ್ರ ಬರುವ ಮೊದಲೇ ತಯಾರಿಟ್ಟುಕೊಳ್ಳಿ.