ಆನ್ಯಾ ಟೇಲರ್-ಜಾಯ್: ಯಾವುದಕ್ಕೆ ಎಷ್ಟು ಅಂಕ

ನಟಿ ಆನ್ಯಾ ಟೇಲರ್-ಜಾಯ್ ಬಗ್ಗೆ ಬರೆಯುವವರೆಲ್ಲ ಆ ದೊಡ್ಡ ಕಣ್ಣುಗಳಿಂದಲೇ ಶುರು ಮಾಡುತ್ತಾರೆ. ಆದರೆ ಆಕೆಯ ಕಸುಬು ಕಾಣುವುದು ಬೇರೆಯವರು ಮಾತಾಡುವಾಗ. ಎದುರಿನವರ ಮಾತು ಕೇಳುತ್ತಲೇ ಒಳಗೊಳಗೆ ಲೆಕ್ಕ ಹಾಕುವ ಮುಖ ಅದು. ಈ ಅಂಕಗಳು ಅದಕ್ಕೆ. ಸಿನಿಮಾ ಎಷ್ಟು ದೊಡ್ಡದು ಅನ್ನುವುದಕ್ಕಲ್ಲ.

'ದಿ ವಿಚ್' (2015) 9/10. ರಾಬರ್ಟ್ ಎಗರ್ಸ್ ತಮ್ಮ ಮೊದಲ ಚಿತ್ರವನ್ನು ಈಕೆಯ ಮುಖದ ಕ್ಲೋಸಪ್‌ನಿಂದಲೇ ಆರಂಭಿಸುತ್ತಾರೆ: ಅಪ್ಪನ ಹಟದಿಂದ ಇಡೀ ಕುಟುಂಬಕ್ಕೆ ಊರಿನಿಂದ ಬಹಿಷ್ಕಾರವಾಗುತ್ತಿದೆ, ಮಗಳು ಥಾಮಸಿನ್ ಸುಮ್ಮನೆ ನಿಂತು ಕೇಳುತ್ತಿದ್ದಾಳೆ. ಮುಂದೆ ಕೂಸಿನೊಂದಿಗೆ ಕಣ್ಣಾಮುಚ್ಚಾಲೆ ಆಡುವಾಗ ಕೈ ತೆಗೆದರೆ ಕೂಸೇ ಇಲ್ಲ. ಆ ಕ್ಷಣದಿಂದ ಮನೆಯವರ ಅನುಮಾನವೆಲ್ಲ ಅವಳ ತಲೆಗೇ. ಸಬ್‌ಟೈಟಲ್ ಹಾಕಿಕೊಂಡೇ ನೋಡಿ: 1630ರ ದಶಕದ ಇಂಗ್ಲಿಷು, ಅದರ ಮೇಲೆ ಅಪ್ಪನ ಗಡಸು ಗಂಟಲು. ಅರ್ಧ ಮಾತು ತಪ್ಪಿಹೋದರೆ ಕುಟುಂಬ ಒಡೆಯುವುದು ಯಾಕೆ ಅಂತಲೇ ತಿಳಿಯುವುದಿಲ್ಲ.

'ದಿ ಕ್ವೀನ್ಸ್ ಗ್ಯಾಂಬಿಟ್' (2020, ನೆಟ್‌ಫ್ಲಿಕ್ಸ್, 7 ಕಂತು). ಆಕೆಯ ಅಭಿನಯಕ್ಕೆ 9.5, ಸರಣಿಗೆ 8. ಹದಿಹರೆಯದ ಚೆಸ್ ಆಟಗಾರ್ತಿ ಬೆತ್ ಬೆಳೆದಂತೆ ನಡಿಗೆ, ಕೂರುವ ಭಂಗಿ, ಕಾಯಿ ಎತ್ತುವ ಬೆರಳು ಎಲ್ಲವೂ ಬದಲಾಗುತ್ತವೆ. ಬೋರ್ಡಿನಿಂದ ಕಣ್ಣೆತ್ತಿ ನೇರ ಎದುರಾಳಿಯ ಮುಖ ನೋಡುವುದನ್ನು ಗಮನಿಸಿ. ಆಟದ ಗಂಧವಿಲ್ಲದವರಿಗೂ ಯಾರ ಕೈ ಮೇಲಾಗುತ್ತಿದೆ ಎಂದು ಗೊತ್ತಾಗುವುದು ಅಲ್ಲೇ. ಆಟಗಳನ್ನು ರೂಪಿಸಲು ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೊವ್, ಚೆಸ್ ತರಬೇತುದಾರ ಬ್ರೂಸ್ ಪ್ಯಾಂಡೊಲ್ಫಿನಿ ಸಲಹೆಗಾರರಾಗಿದ್ದರು, ಹಾಗಾಗಿ ನಡೆಗಳಲ್ಲಿ ಕಳಪೆ ಇಲ್ಲ. ಅಂಕ ಕಳೆದದ್ದು ಎರಡಕ್ಕೆ. ಬೆತ್‌ಳ ಅನಾಥಾಲಯದ ಗೆಳತಿ ಜೋಲೀನ್ ಪಾತ್ರ ಕೊನೆಗೆ ದುಡ್ಡು, ಧೈರ್ಯ ಕೊಡಲೆಂದೇ ಬಂದಂತಿದೆ. ಅವಳ ಸ್ವಂತ ಬದುಕು ಎರಡು ಮಾತಿನಲ್ಲಿ ಮುಗಿಯುತ್ತದೆ. ಎರಡನೆಯದು ಹೆಚ್ಚು ಬೇಸರದ್ದು: ಚೆಸ್‌ನ ಮಾಜಿ ಮಹಿಳಾ ವಿಶ್ವ ಚಾಂಪಿಯನ್ ನೋನಾ ಗಪ್ರಿಂದಾಶ್ವಿಲಿ ಗಂಡಸರೆದುರು ಆಡಿಯೇ ಇಲ್ಲ ಎಂಬ ಸುಳ್ಳು ಸಾಲು. ನಿಜಕ್ಕೂ ಅವರು ಹಲವಾರು ಗಂಡಸರೊಡನೆ ಆಡಿದ್ದರು. 2021ರಲ್ಲಿ ನೆಟ್‌ಫ್ಲಿಕ್ಸ್ ಮೇಲೆ ದಾವೆ ಹೂಡಿದರು, ಮರುವರ್ಷ ರಾಜಿಯಾಯಿತು. ಒಬ್ಬ ಹೆಣ್ಣಿನ ಗೆಲುವನ್ನು ಎತ್ತಿ ತೋರಿಸುವ ಕಥೆ ಇನ್ನೊಬ್ಬ ನಿಜವಾದ ಹೆಣ್ಣಿನ ಸಾಧನೆಯನ್ನು ಅಳಿಸಬಾರದಿತ್ತು.

'ಥರೋಬ್ರೆಡ್ಸ್' (2017) 8.5. ಹೆಚ್ಚು ಜನ ನೋಡಿಲ್ಲ, ನೋಡಲೇಬೇಕು. ಭಾವನೆಯೇ ಹುಟ್ಟದ ಗೆಳತಿ (ಒಲಿವಿಯಾ ಕುಕ್) ಸುಳ್ಳು ಕಣ್ಣೀರು ತರಿಸುವುದು ಹೇಗೆಂದು ಲಿಲಿಗೆ (ಆನ್ಯಾ) ಹೇಳಿಕೊಡುವ ದೃಶ್ಯವಿದೆ. ಅಳಲು ಕಲಿಯುತ್ತಿರುವವಳಂತೆ ಅಭಿನಯಿಸುವುದು ಅಳುವುದಕ್ಕಿಂತ ಕಷ್ಟ. ಕೊನೆಯ ಮುಖ್ಯ ಘಟನೆ ನಡೆಯುವಾಗ ಕ್ಯಾಮೆರಾ ಸೋಫಾ ಬಿಟ್ಟು ಕದಲುವುದಿಲ್ಲ, ಶಬ್ದವನ್ನಷ್ಟೇ ಕೇಳುತ್ತೇವೆ. ಹೆಡ್‌ಫೋನ್ ಬೇಕು.

'ಎಮ್ಮಾ' (2020) 8: ಪ್ರೇಮ ನಿವೇದನೆಯ ದೃಶ್ಯದಲ್ಲಿ ಆಕೆಯ ಮೂಗಿನಿಂದ ಸುರಿಯುವುದು ನಿಜವಾದ ರಕ್ತ. 'ದಿ ಮೆನು' (2022) 7.5, ಅದರಲ್ಲಿ ಅರ್ಧ ಅಂಕ ಚೀಸ್‌ಬರ್ಗರ್ ದೃಶ್ಯಕ್ಕೇ. 'ಸ್ಪ್ಲಿಟ್' 7, ಜೇಮ್ಸ್ ಮೆಕವಾಯ್ ಅಬ್ಬರದ ಮುಂದೆ ತಣ್ಣಗೆ ನಿಂತದ್ದಕ್ಕೆ. 'ಲಾಸ್ಟ್ ನೈಟ್ ಇನ್ ಸೋಹೋ' ಮೊದಲರ್ಧ 8, ಎರಡನೆಯರ್ಧ 5. 'ಪೀಕಿ ಬ್ಲೈಂಡರ್ಸ್' ಸರಣಿಯಲ್ಲಿ ಆಕೆಗೆ ಒಳ್ಳೆಯ ಉಡುಪು ಬಿಟ್ಟು ಬೇರೇನೂ ಕೊಟ್ಟಿಲ್ಲ, 5. 'ದಿ ನ್ಯೂ ಮ್ಯೂಟಂಟ್ಸ್' 3.

'ಫ್ಯೂರಿಯೋಸಾ' (2024) 8.5. ಎರಡೂವರೆ ಗಂಟೆಯ ಚಿತ್ರದಲ್ಲಿ ಆಕೆ ತೆರೆಗೆ ಬರುವುದೇ ಸುಮಾರು ಒಂದು ಗಂಟೆಯ ನಂತರ, ಮಾತು ಬೆರಳೆಣಿಕೆಯಷ್ಟು. ಅಲ್ಲಿಯವರೆಗೆ ಬಾಲ್ಯದ ಪಾತ್ರ ಅಲೈಲಾ ಬ್ರೌನ್ ಅವರದು. ಲಾರಿಯಡಿ ಅಡಗಿ ಸಾಗುವ ಸುಮಾರು 15 ನಿಮಿಷದ ಹೋರಾಟದ ಚಿತ್ರೀಕರಣಕ್ಕೆ 78 ದಿನ ಹಿಡಿದಿತ್ತು. ಮೊಬೈಲಿನಲ್ಲಿ ನೋಡಿದರೆ ಯಾರು ಎಲ್ಲಿದ್ದಾರೆಂದೇ ತಿಳಿಯದು, ಟಿವಿಯಾದರೂ ಇರಲಿ.

ಹೊಸಬರು 'ಥರೋಬ್ರೆಡ್ಸ್'ನಿಂದ ಶುರು ಮಾಡಿ. ಒಂದೂವರೆ ಗಂಟೆ ಅಷ್ಟೇ. ಹಿಡಿಸಿದರೆ ಮರುರಾತ್ರಿ 'ದಿ ವಿಚ್', ದೀಪ ಆರಿಸಿ.