ಉಣಗೋಲು ತೆಗೆದು ಹಾಕುವ ನಡುವೆ

ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ಶಿರಸಿಗಿಂತ ಮೂರೂವರೆ ತಾಸು ಹಿಂದೆ. ಊರಲ್ಲಿ ಮಧ್ಯಾಹ್ನದ ಊಟಕ್ಕೆ ಏಳುವ ಮುಂಚೆ ಕಳಿಸಿದ ಕೋಡ್ ಇಲ್ಲಿ ಬೆಳಗಿನ ಮೊದಲ ರಿವ್ಯೂ ಆಗುತ್ತದೆ. ಅದು ಫೈರ್‌ವಾಲ್ (ಯಂತ್ರಕ್ಕೆ ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲು) ನಿಯಮ ನೋಡಿಕೊಳ್ಳುವ ಸರ್ವಿಸ್ ಆದರೆ ನಿಯಮಗಳ ಪಟ್ಟಿಯನ್ನು ಕೊನೆಗೆ ಓದಿ. ಹಳೆಯದು ಹೋಗಿ ಹೊಸದು ಬರುವ ಆ ಕ್ಷಣವನ್ನು ಮೊದಲು ನೋಡಿ. ಬೇಲಿಯ ದಾರಿಗೆ ಅಡ್ಡ ಹಾಕುವ ಗಳ, ಅಂದರೆ ಉಣಗೋಲು, ತೆಗೆದಿಟ್ಟು ಹೊಸ ಗಳ ತರಲು ಹೋದರೆ ದನ ಕಾಯುತ್ತದೆಯೇ?

ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ಎಲ್ಲ ನಿಯಮ ಒಮ್ಮೆಗೇ ಅಳಿಸುವ ‘ಫ್ಲಶ್ ರೂಲ್‌ಸೆಟ್’ ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿ. ಹಳೆಯ ಐಪಿಟೇಬಲ್ಸ್ ಕಮಾಂಡನ್ನು ಎನ್‌ಎಫ್‌ಟೇಬಲ್ಸ್‌ಗೆ ಹೊಂದಿಸುವ ಐಪಿಟೇಬಲ್ಸ್-ಎನ್‌ಎಫ್‌ಟಿ ಮೂಲಕ, ಕಂಟೇನರ್ ಓಡಿಸುವ ಡಾಕರ್ ಹಾಕಿಕೊಂಡ ನಿಯಮಗಳೂ ಅದರಲ್ಲಿ ಕೊಚ್ಚಿಹೋಗುತ್ತವೆ. ಸರ್ವಿಸ್ ತನ್ನ ಟೇಬಲ್ (ತನ್ನ ನಿಯಮಗಳ ಗುಂಪು) ಮಾತ್ರ ಮುಟ್ಟಬೇಕು. ಒಂದೇ ಫೈಲಿನಲ್ಲಿ ಮೊದಲು ಖಾಲಿ ಟೇಬಲ್ ಘೋಷಣೆ, ಆಮೇಲೆ ಅದರ ಡಿಲೀಟ್, ಆಮೇಲೆ ಪೂರ್ತಿ ವಿವರ. ಮೊದಲ ಸಾಲು ಬಿಟ್ಟರೆ, ಈಗಷ್ಟೇ ಬೂಟ್ ಆದ ಯಂತ್ರದಲ್ಲಿ ಟೇಬಲ್ಲೇ ಇಲ್ಲದೆ ಡಿಲೀಟ್ ಎಡವಿ ಇಡೀ ಫೈಲ್ ತಿರಸ್ಕೃತವಾಗುತ್ತದೆ. 2014ರ ಲಿನಕ್ಸ್ 3.13ರಿಂದ ಕರ್ನಲ್‌ನಲ್ಲಿರುವ ಎನ್‌ಎಫ್‌ಟೇಬಲ್ಸ್ ಒಂದು ಫೈಲನ್ನು ಒಟ್ಟಿಗೇ ಒಪ್ಪುತ್ತದೆ, ಇಲ್ಲವೇ ಒಟ್ಟಿಗೇ ಬಿಡುತ್ತದೆ. ಲೂಪ್ ಹಾಕಿ ನಿಯಮಕ್ಕೊಂದು ಕಮಾಂಡ್ ಓಡಿಸುವ ಕೋಡಿಗೆ ಈ ಭದ್ರತೆ ಇಲ್ಲ. 40ರಲ್ಲಿ 17ನೆಯದು ತಪ್ಪಿದರೆ ಅರ್ಧ ಬೇಲಿ ಮಾತ್ರ ನಿಂತಿರುತ್ತದೆ. ಹಾಕುವ ಮೊದಲು, ಫೈಲನ್ನು ಜಾರಿ ಮಾಡದೆ ಬರೀ ತಪಾಸಿಸುವ ‘ಎನ್‌ಎಫ್‌ಟಿ -ಸಿ -ಎಫ್’ ಪರೀಕ್ಷೆ ಇದೆಯೇ ನೋಡಿ.

ಸರ್ವಿಸ್ ನಿಲ್ಲಿಸುವ ಕೋಡನ್ನು ಬಹಳ ಜನ ಓದುವುದೇ ಇಲ್ಲ. ‘ಐಪಿಟೇಬಲ್ಸ್ -ಎಫ್’ ನಿಯಮ ಅಳಿಸಿದರೂ ಯಾವ ನಿಯಮಕ್ಕೂ ಸಿಗದ್ದನ್ನು ಬಿಸಾಡುವ ಡ್ರಾಪ್ ಪಾಲಿಸಿ ಉಳಿಯುತ್ತದೆ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸತ್ತುಹೋಗುತ್ತದೆ. ಎನ್‌ಎಫ್‌ಟೇಬಲ್ಸ್‌ನಲ್ಲಿ ಟೇಬಲ್ ಅಳಿಸಿದರೆ ಪಾಲಿಸಿಯೂ ಅದರ ಜೊತೆಗೇ ಹೋಗಿ ಎಲ್ಲ ಪೋರ್ಟ್ ಬಯಲಾಗುತ್ತದೆ. ಹಳೆಯ ಕೋಡನ್ನು ಹೊಸದಕ್ಕೆ ಬದಲಿಸುವಾಗ ಇಲ್ಲೇ ಎಡವಟ್ಟಾಗುವುದು.

ನೆಟ್‌ವರ್ಕ್ ಏಳುವ ಮುಂಚೆಯೇ ಫೈರ್‌ವಾಲ್ ಏಳಬೇಕೆಂದರೆ, ಬೂಟ್ ಆಗುವಾಗ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ಯೂನಿಟ್ ಫೈಲಿನಲ್ಲಿ ‘ನೆಟ್‌ವರ್ಕ್-ಪ್ರಿ.ಟಾರ್ಗೆಟ್’ಗೆ ಬಿಫೋರ್ ಜೊತೆ ವಾಂಟ್ಸ್ ಕೂಡ ಬೇಕು. ಬಿಫೋರ್ ಒಂದೇ ಆ ಟಾರ್ಗೆಟನ್ನು ಎಳೆದು ತರುವುದಿಲ್ಲ. ನಿಯಮ ಬರೆಯುವಾಗ ಐಪಿವಿ6ನಲ್ಲಿ ಪಕ್ಕದ ಯಂತ್ರದ ವಿಳಾಸ ಕೇಳುವ, ಹೇಳುವ ಐಸಿಎಂಪಿ 135, 136 ಸಂದೇಶ ತಡೆದರೆ ಪಕ್ಕದ ಯಂತ್ರವೂ ಸಿಗದು.

ಪ್ರಯೋಗಿಸುವಾಗ ಹಳೆಯ ಲಾಗಿನ್ ನಡೆಯುತ್ತಿದೆ ಎಂದು ನಂಬಬೇಡಿ. ಆಗಲೇ ಕೂಡಿದ ಸಂಪರ್ಕವನ್ನು ಬಿಡುವ ಎಸ್ಟಾಬ್ಲಿಶ್ಡ್ ನಿಯಮವೇ ಅದನ್ನು ಕಾಯುತ್ತಿರುತ್ತದೆ, ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ಮುಚ್ಚಿದ್ದರೂ ಗೊತ್ತಾಗುವುದಿಲ್ಲ. ಇನ್ನೊಂದು ವಿಂಡೋದಲ್ಲಿ ಹೊಸದಾಗಿ ಲಾಗಿನ್ ಆಗಿ. ಅದಕ್ಕೂ ಮುಂಚೆ ಹಳೆಯ ನಿಯಮಗಳನ್ನು ಉಳಿಸಿ, 60 ಸೆಕೆಂಡಿಗೆ ಅವು ವಾಪಸ್ ಬರುವಂತೆ ‘ಸಿಸ್ಟಮ್‌ಡಿ-ರನ್’ ಟೈಮರ್ ಇಡಿ. ಹೊಸ ಲಾಗಿನ್ ಆದ ಮೇಲಷ್ಟೇ ಅದನ್ನು ರದ್ದು ಮಾಡಿ. ಟೈಮರ್ ಸರ್ವರ್‌ನಲ್ಲೇ ಓಡುವುದರಿಂದ, ಆಷಾಢದ ಮಳೆಗೆ ಕಾರವಾರದ ಲೈನ್ ನಡುವೆಯೇ ಹೋದರೂ ಫ್ರಾಂಕ್‌ಫರ್ಟ್‌ನ ಯಂತ್ರ ಹಳೆಯ ಸ್ಥಿತಿಗೆ ಮರಳಿರುತ್ತದೆ.