ಮೊದಲು ಸಾಸ್ ನೋಡಿ, ಆಮೇಲೆ ಏಲ್ ಹೇಳಿ

ಶನಿವಾರ, 15 ನವೆಂಬರ್ 2025

ಪ್ಯಾನ್ ಏಷ್ಯನ್ ಊಟಕ್ಕೆ ಯಾವ ಕ್ರಾಫ್ಟ್ ಬಿಯರ್ ಅಂತ ಕೇಳಿದರೆ ಎಲ್ಲರ ಬೆರಳೂ ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್ ಅನ್ನೋ ಕಹಿ ಬಿಯರ್ ಕಡೆಗೇ ಹೋಗುತ್ತದೆ (ಏಲ್ ಅಂದ್ರೆ ಬೆಚ್ಚಗೆ ಹುದುಗಿಸಿದ ಬಿಯರ್). ಇವತ್ತು ಹೋದ ಪಬ್‌ನ ಮೆನುವಿನಲ್ಲೂ ಅದೇ ಕತೆ. ಥಾಯ್ ಗ್ರೀನ್ ಕರಿ ಪಕ್ಕದಲ್ಲಿ ಐಪಿಎ, ಚೀನಾದ ಸಿಚುವಾನ್ ನೂಡಲ್ಸ್ ಪಕ್ಕದಲ್ಲಿ ಐಪಿಎ, ಕೊರಿಯನ್ ಚಿಕನ್ ಪಕ್ಕದಲ್ಲೂ ಐಪಿಎ. ಖಾರದ ಊಟಕ್ಕೆ ಜೋರಾದ ಬಿಯರೇ ಬೇಕು ಅನ್ನೋ ಲೆಕ್ಕ ಇರಬೇಕು. ನನಗಂತೂ ಈ ಲೆಕ್ಕ ಒಪ್ಪಿಗೆ ಇಲ್ಲ.

ಅಕ್ಕ, ಭಾವ, ನಾನು ಮೂವರೇ ಹೋಗಿದ್ದು. ಭಾವ ಮೆನುವಿನ ಮಾತು ಮೀರುವವರಲ್ಲ, ದಾನ್ ದಾನ್ ಅನ್ನೋ ಸಿಚುವಾನ್ ನೂಡಲ್ಸ್ ಜೊತೆ ಅದರಲ್ಲಿ ಬರೆದಿದ್ದ ಐಪಿಎಯನ್ನೇ ತರಿಸಿದರು. ಬಟ್ಟಲಿನ ತಳದಲ್ಲಿ ಕೆಂಪು ಎಣ್ಣೆ, ಅದರ ಕೆಳಗೆ ಎಳ್ಳಿನ ಪೇಸ್ಟ್. ಕಲಸಿ ಎರಡು ತುತ್ತು ತಿಂದರು, ಒಂದು ದೊಡ್ಡ ಗುಟುಕು ಐಪಿಎ ಕುಡಿದರು. ಕಿವಿ ಕೆಂಪಾಯಿತು. ಉರಿ ಆರಲಿ ಅಂತ ಇನ್ನೊಂದು ಗುಟುಕು. ಹಣೆಯ ಮೇಲೆ ಬೆವರು. "ಇದು ಬೆಂಕಿ ಆರಿಸ್ತಾ ಇದೆಯೋ, ಹಚ್ತಾ ಇದೆಯೋ?" ಅಂದರು. "ಹಚ್ತಾ ಇದೆ ಭಾವ, ಮೊದಲು ಅದನ್ನ ಪಕ್ಕಕ್ಕಿಡಿ" ಅಂದೆ.

ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಅದು ನಾಲಿಗೆಯಲ್ಲಿ ತಟ್ಟುವುದು ರುಚಿಯ ಮೊಗ್ಗನ್ನಲ್ಲ, ಬಿಸಿಯನ್ನು ಗುರುತಿಸುವ ನರವನ್ನು. ಆ ನರದಲ್ಲಿರುವ ಟಿಆರ್‌ಪಿವಿ1 ಅನ್ನೋ ಪ್ರೋಟೀನನ್ನು 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಕಂಡುಹಿಡಿಯಿತು, 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಂತು. ತಮಾಷೆ ಅಂದ್ರೆ ಆಲ್ಕೋಹಾಲ್ ಕೂಡ ಇದೇ ಪ್ರೋಟೀನನ್ನು ಕೆಣಕುತ್ತದೆ. ಹಾಗಾಗಿ ಬಿಯರ್ ಎಷ್ಟು ಸ್ಟ್ರಾಂಗೋ ಉರಿ ಅಷ್ಟು ಜಾಸ್ತಿ. ಗುಳ್ಳೆಗಳ ಚುರುಕು ಬೇರೆ ಇದೆ. ಅದರ ಮೇಲೆ ಹಾಪ್ಸ್‌ನ, ಅಂದ್ರೆ ಬಿಯರ್‌ಗೆ ಹಾಕುವ ಹೂವಿನ, ಕಹಿ. ಹಾಪ್ಸ್ ಕುದಿಸಿದಾಗ ಬಿಡುವ ಆ ಕಹಿ ನಾಲಿಗೆಗೆ ಅಂಟಿಕೊಂಡು ಕೂರುತ್ತದೆ, ಬೇಗ ಹೋಗುವುದಿಲ್ಲ. ಖಾರವೂ ಬೇಗ ಹೋಗುವುದಿಲ್ಲ. ಎರಡೂ ಸೇರಿದರೆ ಊಟದ ಉಳಿದ ರುಚಿಯೆಲ್ಲ ಹಿಂದೆ ಸರಿಯುತ್ತದೆ.

ಸಿಚುವಾನ್ ಊಟದಲ್ಲಿ ಇನ್ನೊಂದು ಆಟ ಇದೆ. ಅಲ್ಲಿನ ಮೆಣಸು ಖಾರಕ್ಕಿಂತ ಹೆಚ್ಚಾಗಿ ಜುಮ್ಮೆನ್ನಿಸುತ್ತದೆ. ಅದರಲ್ಲಿರುವ ಸ್ಯಾನ್‌ಶೂಲ್ ಅನ್ನೋ ವಸ್ತು ಸ್ಪರ್ಶದ ನರಗಳನ್ನು ತಟ್ಟುತ್ತದೆ. ತುಟಿ ಸೆಕೆಂಡಿಗೆ ಸುಮಾರು 50 ಸಲ ನಡುಗಿದ ಹಾಗೆ ಅನ್ನಿಸುತ್ತದೆ ಅಂತ 2013ರಲ್ಲಿ ಲಂಡನ್‌ನ ಸಂಶೋಧಕರು ತೋರಿಸಿದ್ದರು. ಇಂಥ ಹೊತ್ತಲ್ಲಿ ಬಾಯಿಗೆ ಬೇಕಾಗಿದ್ದು ಸಮಾಧಾನ. ಭಾವನಿಗೆ ಬ್ರೌನ್ ಏಲ್ ತರಿಸಿದೆ. ಹುರಿದ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಸ್ವಲ್ಪ ಸಿಹಿ, ಕಡಿಮೆ ಕಹಿ, ಗುಳ್ಳೆಯೂ ಕಮ್ಮಿ. ಬಟ್ಟಲಿನ ಎಳ್ಳು ಮತ್ತು ಕಡಲೆಕಾಯಿಗೆ ಈ ಮಾಲ್ಟ್‌ನ ಹುರಿದ ವಾಸನೆ ಚೆನ್ನಾಗಿ ಹೊಂದಿತು. ಭಾವ ಬಟ್ಟಲು ಖಾಲಿ ಮಾಡಿದರು, ಅಷ್ಟೇ ಸಾಕು.

ರಾತ್ರಿಯ ಅತ್ಯುತ್ತಮ ಜೋಡಿ ಮಾತ್ರ ನನ್ನದೇ, ಗ್ರೀನ್ ಕರಿ ಮತ್ತು ವಿಟ್‌ಬಿಯರ್. ಬೆಲ್ಜಿಯಂನ ಈ ಗೋಧಿ ಏಲ್‌ಗೆ ಕುದಿಸುವಾಗಲೇ ಕೊತ್ತಂಬರಿ ಬೀಜ ಮತ್ತು ಒಣಗಿಸಿದ ಕಹಿ ಕಿತ್ತಳೆಯ ಸಿಪ್ಪೆ ಹಾಕುತ್ತಾರೆ. ಗ್ರೀನ್ ಕರಿಯ ಮಸಾಲೆಯಲ್ಲೂ ಕೊತ್ತಂಬರಿ ಬೀಜ ಇದೆ, ಜೊತೆಗೆ ಮಜ್ಜಿಗೆ ಹುಲ್ಲು, ನಿಂಬೆ ಜಾತಿಯ ಎಲೆ. ಅಂದ್ರೆ ಬಟ್ಟಲು ಮತ್ತು ಗ್ಲಾಸು ಮೊದಲೇ ಮಾತಾಡಿಕೊಂಡು ಬಂದ ಹಾಗೆ. ಕಾಯಿಹಾಲಿನ ಜಿಡ್ಡನ್ನು ಗುಳ್ಳೆಗಳು ತೊಳೆದುಬಿಡುತ್ತವೆ, ಗೋಧಿಯ ಮೃದು ಗುಣ ಖಾರವನ್ನು ಕೆರಳಿಸುವುದಿಲ್ಲ. ಈ ಬಿಯರ್ ಒಂದು ಕಾಲಕ್ಕೆ ಮಾಯವಾಗಿಯೇ ಹೋಗಿತ್ತು. ಹೂಗಾರ್ಡನ್ ಅನ್ನೋ ಊರಿನಲ್ಲಿ ಇದನ್ನು ಮಾಡುತ್ತಿದ್ದ ಕೊನೆಯ ಬ್ರೂವರಿ 1950ರ ದಶಕದಲ್ಲಿ ಮುಚ್ಚಿತು. 1960ರ ದಶಕದಲ್ಲಿ ಪಿಯರ್ ಸೆಲಿಸ್ ಅನ್ನೋ ಹಾಲು ಮಾರುವವರು ಅದನ್ನು ಮತ್ತೆ ಶುರು ಮಾಡಿದರು. ಅವರು ಸುಮ್ನೆ ಹಾಲೇ ಮಾರಿಕೊಂಡು ಇದ್ದಿದ್ದರೆ ಇವತ್ತು ನನಗೆ ಈ ಜೋಡಿ ಸಿಗುತ್ತಿತ್ತೋ ಇಲ್ಲವೋ.

ವಿಯೆಟ್ನಾಂನ ಅಕ್ಕಿ ಹಾಳೆ ರೋಲ್‌ಗೆ ಗೋಝೆ. ಜರ್ಮನಿಯ ಈ ಹುಳಿ ಏಲ್‌ಗೆ ಉಪ್ಪನ್ನೂ ಹಾಕುತ್ತಾರೆ. ಮೀನಿನ ಸಾಸ್, ನಿಂಬೆರಸ, ಸಕ್ಕರೆ ಸೇರಿದ ಅದ್ದಿಕೊಳ್ಳುವ ರಸಕ್ಕೆ ಇದಕ್ಕಿಂತ ಬೇರೆ ಬೇಡ. ಇದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಸರಿಯಾಗಿದೆ ಅಷ್ಟೇ.

ಹಾಗಂತ ಐಪಿಎಗೆ ಜಾಗವೇ ಇಲ್ಲ ಅಂತಲ್ಲ. ಖಾರವಿಲ್ಲದ, ಎಣ್ಣೆಯಲ್ಲಿ ಕರಿದ, ಉಪ್ಪುಪ್ಪಾದ ತಿಂಡಿ ತರಿಸಿ. ಜಪಾನಿನ ಕರಾಗೆ ಚಿಕನ್ ಆಗಬಹುದು, ಟೆಂಪುರಾ ಆಗಬಹುದು. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಕಹಿ ಜಿಡ್ಡನ್ನು ಕತ್ತರಿಸುತ್ತದೆ. ಸಿಟ್ರಾ ಹಾಪ್ಸ್ ಹಾಕಿದ ಐಪಿಎ ಆದರೆ ನಿಂಬೆ, ಮಾವಿನ ಪರಿಮಳ ಬರುತ್ತದೆ, ಆಗ ತಟ್ಟೆಯಲ್ಲಿರುವ ನಿಂಬೆ ಹೋಳು ಹಿಂಡುವ ಅಗತ್ಯವೂ ಇರುವುದಿಲ್ಲ. ಜಪಾನಿನಲ್ಲೇ ತಳಿ ಅಭಿವೃದ್ಧಿಪಡಿಸಿದ ಸೊರಾಚಿ ಏಸ್ ಅನ್ನೋ ಹಾಪ್ಸ್ ಕೂಡ ಇದೆ, ಅದರದ್ದು ನಿಂಬೆ ಮತ್ತು ಸಬ್ಬಸಿಗೆಯ ವಾಸನೆ. ಸಿಕ್ಕಿದರೆ ಬಿಡಬೇಡಿ.

ಹೀಗೆ ನೋಡಿದರೆ ಕೇಳಬೇಕಾದ ಪ್ರಶ್ನೆ ಚಿಕನ್ನೋ ಸೀಗಡಿಯೋ ಅನ್ನೋದಲ್ಲ. ಒಂದೇ ಚಿಕನ್ ಮೇಲೆ ಸೋಯಾ ಬಿದ್ದರೆ ಒಂದು ಏಲ್, ಕಾಯಿಹಾಲು ಬಿದ್ದರೆ ಇನ್ನೊಂದು, ಗೋಚುಜಾಂಗ್ ಅನ್ನೋ ಕೊರಿಯಾದ ಮೆಣಸಿನಕಾಯಿ ಪೇಸ್ಟ್ ಬಿದ್ದರೆ ಮತ್ತೊಂದು. ಸೋಯಾ ಮತ್ತು ಸಕ್ಕರೆ ಹಚ್ಚಿ ಸುಟ್ಟ ಮಾಂಸಕ್ಕೆ ಪೋರ್ಟರ್ ಅನ್ನೋ ಕಪ್ಪು ಏಲ್ ಹೊಂದುವುದು ಯಾಕೆ ಅಂದ್ರೆ, ಮಾಂಸ ಕಂದಾಗುವಾಗ ನಡೆಯುವ ಕ್ರಿಯೆಯೇ ಮಾಲ್ಟ್ ಹುರಿಯುವಾಗಲೂ ನಡೆಯುತ್ತದೆ. ಮೇಜಿನ ಮೇಲೆ ನಾಲ್ಕು ದೇಶದ ನಾಲ್ಕು ಸಾಸ್ ಇಟ್ಟುಕೊಂಡು ಒಂದೇ ದೊಡ್ಡ ಜಗ್ ತರಿಸುವುದರಲ್ಲಿ ಅರ್ಥವಿಲ್ಲ, ಅಲ್ವಾ? ಚಿಕ್ಕ ಗ್ಲಾಸ್ ತರಿಸಿ. ಹಗುರವಾದದ್ದು ಮೊದಲು, ಕಪ್ಪಗಿರೋದು ಕೊನೆಗೆ.

ಒಂದು ದೂರು. ಎಲ್ಲ ಗ್ಲಾಸುಗಳೂ ಕೈ ಮರಗಟ್ಟುವಷ್ಟು ತಣ್ಣಗೆ ಬಂದವು. ಇದು ತಂಪಿನಲ್ಲಿ ಹುದುಗಿಸುವ ಲಾಗರ್ ಬಿಯರ್ ಕಾಲದ ಅಭ್ಯಾಸ. ಈ ಊಟಗಳ ಜೊತೆ ಮೊದಲಿಂದಲೂ ಹೆಸರು ಮಾಡಿದ್ದು ಲಾಗರ್‌ಗಳೇ. ಚೀನಾದ ಚಿಂಗ್ಟಾವ್ 1903ರದ್ದು, ಸಿಂಗಾಪುರದ ಟೈಗರ್ 1932ರದ್ದು, ಥಾಯ್ಲೆಂಡಿನ ಸಿಂಘಾ 1930ರ ದಶಕದ್ದು. ಅವನ್ನು ಐಸ್ ತಣ್ಣಗೆ ಕುಡಿದರೆ ನಷ್ಟವಿಲ್ಲ. ಏಲ್ ಹಾಗಲ್ಲ. ಅದರ ಯೀಸ್ಟ್ ಬೆಚ್ಚಗಿನ ವಾತಾವರಣದಲ್ಲಿ ಹುದುಗಿಸಿ ಹಣ್ಣಿನ, ಮಸಾಲೆಯ ವಾಸನೆ ಕಟ್ಟುತ್ತದೆ, ತೀರಾ ತಣ್ಣಗಾದರೆ ಅದೊಂದೂ ಮೂಗಿಗೆ ಬರುವುದಿಲ್ಲ. 8ರಿಂದ 12 ಡಿಗ್ರಿ ಸಾಕು. ಬ್ರೌನ್ ಏಲ್ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆವು, ಸ್ವಲ್ಪ ಹೊತ್ತಿಗೆ ಅದರ ಚಾಕೊಲೇಟ್ ವಾಸನೆ ಎದ್ದಿತು.

ಅಕ್ಕ ಮಾತ್ರ ಯಾರ ಮಾತೂ ಕೇಳದೆ ಸುಶಿ ಜೊತೆ ಸ್ಟೌಟ್ ಅನ್ನೋ ಕಪ್ಪು ಏಲ್ ತರಿಸಿದಳು. ಸೋಯಾದಲ್ಲಿ ಅದ್ದಿ ತಿಂದರೆ ಸ್ಟೌಟ್ ಸರಿಹೋಗತ್ತೆ, ನೀನೇ ತಾನೇ ಸಾಸ್ ನೋಡು ಅಂದಿದ್ದು ಅಂತ ನನ್ನ ಮಾತನ್ನೇ ನನಗೆ ತಿರುಗಿಸಿದಳು. ಒಂದು ತುಂಡು ತಿಂದು ನೋಡಿದೆ. ಸೋಯಾ ಗೊತ್ತಾಯಿತು, ಸ್ಟೌಟ್ ಗೊತ್ತಾಯಿತು, ಮೀನು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹಸಿ ಮೀನಿಗೆ ವಿಟ್‌ಬಿಯರ್ ಪರವಾಗಿಲ್ಲ, ಇಲ್ಲವಾದರೆ ಗ್ರೀನ್ ಟೀ ಕುಡಿಯೋದೇ ವಾಸಿ.